ಊರು ಬಿಟ್ಟ ಮಿಡ್‌ಫೀಲ್ಡರ್

ವೀಕೆಂಡ್ ಬಂದ್ರೆ ರಾಜಾನುಕುಂಟೆ, ಯಲಹಂಕ ಕಡೆಯ ಟರ್ಫ್‌ಗಳಲ್ಲಿ ನಮ್ಮ ಟೆಕ್ಕಿಗಳದ್ದೇ ಗಲಾಟೆ. ಎಲ್ಲರ ಬೆನ್ನ ಮೇಲೂ ಮೆಸ್ಸಿ, ಇಲ್ಲಾಂದ್ರೆ ರೊನಾಲ್ಡೊ. ಚಾಪ್ಮನ್ ಅಂತ ಬರೆಸಿಕೊಂಡವರನ್ನು ನಾನಂತೂ ನೋಡಿಲ್ಲ.

ಕಾರ್ಲ್ಟನ್ ಚಾಪ್ಮನ್ ಹುಟ್ಟಿದ್ದು 1971ರಲ್ಲಿ, ಇದೇ ಬೆಂಗಳೂರಲ್ಲಿ. ಆಗ ಇಲ್ಲಿ ಫುಟ್ಬಾಲ್ ಅಂದ್ರೆ ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆ ತಂಡಗಳು. ಚೆನ್ನಾಗಿ ಆಡಿದವನಿಗೆ ಕೆಲಸ, ಸಂಬಳ, ಪಿಎಫ್ಫು. ಮನೆಯವರಿಗೆ ಇನ್ನೇನು ಬೇಕು? ಆದ್ರೆ ಆಟವನ್ನೇ ನಂಬಿ ಬದುಕಬೇಕು ಅನ್ನೋನು ಊರು ಬಿಡಲೇಬೇಕಿತ್ತು. 40ರ ದಶಕದ ಕೊನೆಯಲ್ಲಿ ನಮ್ಮ ಅಹ್ಮದ್ ಖಾನ್ ಹೋಗಿದ್ದೂ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೇ. ಬೆಂಗಳೂರಿನ ಹುಡುಗರ ಪಾಲಿಗೆ ಅದೇ ಪರದೇಶ.

ಚಾಪ್ಮನ್ ಜಮ್ಶೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಪಳಗಿ, 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ತಂಡ 6–2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಇವರದ್ದೇ. ಮಿಡ್‌ಫೀಲ್ಡರ್ ಒಬ್ಬನ ಹ್ಯಾಟ್ರಿಕ್, ಅದೂ ಇರಾಕಿನ ಕ್ಲಬ್ ಎದುರು!

1995ರಲ್ಲಿ ಅಲ್ಲಿಂದ ಪಂಜಾಬಿನ ಫಗ್ವಾರಾಗೆ, ಬಟ್ಟೆ ಗಿರಣಿಯ ತಂಡವಾದ ಜೆಸಿಟಿಗೆ. 1996–97ರ ಮೊಟ್ಟಮೊದಲ ನ್ಯಾಷನಲ್ ಲೀಗ್ ಗೆದ್ದಿದ್ದು ಇದೇ ಜೆಸಿಟಿ. ಭೂಟಿಯಾ 14 ಗೋಲು ಹೊಡೆದು ಹೆಸರಾದರು. ಮಧ್ಯದಲ್ಲಿ ಚೆಂಡು ಕಸಿದು ಮುಂದಕ್ಕೆ ದಾಟಿಸಿದವರ ಲೆಕ್ಕ ಯಾರ ಬಾಯಲ್ಲೂ ಇಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ ಬ್ಯಾಕೆಂಡ್ ಕೆಲಸ. ಡೆಮೊ ದಿನ ಚಪ್ಪಾಳೆ ಎಲ್ಲ ಸ್ಕ್ರೀನ್ ಮಾಡಿದವನಿಗೆ.

1997ರಲ್ಲಿ ಎಫ್‌ಸಿ ಕೊಚ್ಚಿನ್. ದುಡ್ಡು ಸುರಿದು ಶುರುವಾದ ಈ ಕ್ಲಬ್ ಐದಾರು ವರ್ಷಕ್ಕೇ ಮುಚ್ಚಿಹೋಯಿತು. ಪುಣ್ಯಕ್ಕೆ ಚಾಪ್ಮನ್ ಒಂದೇ ಸೀಸನ್ ಆಡಿ ಈಸ್ಟ್ ಬೆಂಗಾಲ್‌ಗೆ ವಾಪಸ್ಸಾಗಿದ್ದರು. ನಾವು ಸ್ಟಾರ್ಟಪ್ ಬಿಟ್ಟು ಹಳೇ ಕಂಪನಿಗೆ ಮರಳಿದ ಹಾಗೆ ಅನ್ನಿ. 2000–01ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ಲೀಗ್ ಗೆದ್ದಿತು. ಅಲ್ಲಿಗೆ ವೃತ್ತಿಪರ ಆಟಕ್ಕೆ ವಿದಾಯ.

ಆಮೇಲೂ ಸುತ್ತಾಟ ನಿಲ್ಲಲಿಲ್ಲ. ಕೋಚ್ ಆಗಿ ಮತ್ತೆ ಜಮ್ಶೆಡ್‌ಪುರ, ಶಿಲ್ಲಾಂಗ್, ಕೊನೆಗೆ ಕೋಳಿಕ್ಕೋಡ್. ಬೆಂಗಳೂರು ಎಫ್‌ಸಿ ಹುಟ್ಟಿ, ಕಂಠೀರವದಲ್ಲಿ ಜನ ಕಿಕ್ಕಿರಿದು ಕೂಗುವ ಹೊತ್ತಿಗೆ ಅವರು ಆಟ ಬಿಟ್ಟು ಹನ್ನೆರಡು ವರ್ಷಕ್ಕೂ ಹೆಚ್ಚು ಕಳೆದಿತ್ತು. 2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 49. ಪ್ರಾಣ ಹೋಗಿದ್ದು ಬೆಂಗಳೂರಲ್ಲೇ. ಕೋಲ್ಕತ್ತದವರು ಮಾತ್ರ ತಮ್ಮ ಹುಡುಗನೇ ಹೋದ ಅಂತ ಮರುಗಿದರು.