ತಂತಿಯ ಮೇಲಣ ಆಟಗಳು

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ತಿಥಿ, ಶಾಸನಗಳ ಪಾಠ ಇಷ್ಟೇ ಎಂದು ತಿಳಿಯುವ ವಾಡಿಕೆಯು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದಿರುವದು. ಜನರು ಬಿಡುವಿನ ಹೊತ್ತಿನಲ್ಲಿ ಏನನ್ನು ಆಡುತ್ತಿದ್ದರು, ಯಾರೊಡನೆ ಆಡುತ್ತಿದ್ದರು, ಎಷ್ಟು ದೂರದವರನ್ನು ತಮ್ಮ ಎದುರಾಳಿಯೆಂದು ಒಪ್ಪುತ್ತಿದ್ದರು ಎಂಬುದೂ ಇತಿಹಾಸವೇ ಅಹುದು. ಈಗಿನ ಮಕ್ಕಳು ಅಂಗೈಯಗಲದ ಮೊಬೈಲಿನಲ್ಲಿ ದೇಶಾಂತರದವರೊಡನೆ ಆಡುವದನ್ನು ಕಂಡು ಹಿರಿಯರು ನಿಟ್ಟುಸಿರಿಡುವರು. ಆದರೆ ಈ ಬಗೆಯ ಆಟಕ್ಕೂ ಒಂದು ಬಾಲ್ಯವಿದ್ದಿತು. ಆ ಬಾಲ್ಯವು ಟೆಲಿಫೋನಿನ ತಂತಿಯ ಮೇಲೆ ತಡವರಿಸುತ್ತ ನಿಧಾನವಾಗಿ ಕಳೆಯಿತು. ಆ ಕಾಲದ ಸಂಗತಿಯನ್ನು, ಅದಕ್ಕೂ ಹಿಂದಿನ ಕೆಲವು ಉದಾಹರಣೆಗಳೊಡನೆ, ಸ್ಥಾಲೀಪುಲಾಕನ್ಯಾಯದಿಂದ ಇಲ್ಲಿ ನಿವೇದಿಸುವೆವು.

ಆಟದ ವಿಚಾರವು ಪಂಡಿತರಿಗೆ ತಕ್ಕುದಲ್ಲವೆಂದು ನಮ್ಮ ನೆಲದ ಹಿರಿಯರು ಎಂದೂ ಭಾವಿಸಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಐದು ವಿಂಶತಿಗಳಲ್ಲಿ ಕಡೆಯದು ಕ್ರೀಡಾವಿಂಶತಿ. ಅದರಲ್ಲಿ ಚದುರಂಗಕ್ಕೂ ಪಗಡೆಗೂ ಕವಡೆಗೂ ಸ್ಥಾನವುಂಟು. ಅವನ ತಂದೆಯಾದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ 'ಮಿತಾಕ್ಷರೆ'ಯನ್ನು ಬರೆದ ವಿಜ್ಞಾನೇಶ್ವರನ ಹೆಸರು ನಮ್ಮ ಶಹಾಬಾದದ ಸಮೀಪದ ಮರತೂರಿನೊಡನೆ ಕೂಡಿಕೊಂಡಿರುವದು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ದ್ಯೂತದ ಪ್ರಕರಣವೊಂದಿದೆ. ಆಟದ ಮನೆಗೆ 'ಸಭಿಕ'ನೆಂಬ ಒಬ್ಬ ಮೇಲ್ವಿಚಾರಕನು ಬೇಕೆಂದೂ, ಗೆದ್ದವನಿಗೆ ಸಲ್ಲತಕ್ಕದ್ದನ್ನು ಅವನು ಕೊಡಿಸಬೇಕೆಂದೂ ಅಲ್ಲಿ ಹೇಳಿದೆ. ಆಡುವವರಿಬ್ಬರೂ ನಂಬತಕ್ಕ ಮೂರನೆಯವನೊಬ್ಬನಿಲ್ಲದೆ ಆಟವು ಜಗಳವಾಗುವದೆಂಬುದು ಇದರ ಇಂಗಿತ. ವಾಚಕರು ಈ ಸಭಿಕನನ್ನು ನೆನಪಿನಲ್ಲಿಡಬೇಕು. ಮುಂದೆ ಅವನು ಯಂತ್ರರೂಪದಿಂದ ಮರಳಿ ಬರುವನು.

ಎದುರಾಳಿಯು ಎದುರಿಗೇ ಇರಬೇಕೆಂಬ ನಿಯಮವನ್ನು ಮೊದಲು ಮುರಿದದ್ದು ಅಂಚೆ. 1824 ರಿಂದ 1828 ರ ವರೆಗೆ ಲಂಡನ್ ಮತ್ತು ಎಡಿನ್‌ಬರೋ ನಗರಗಳ ಆಟಗಾರರು ಪತ್ರಮುಖೇನ ಚದುರಂಗವಾಡಿದರು. ನಮಗೆ ಹೆಚ್ಚು ಹತ್ತಿರದ ಸಂಗತಿಯೆಂದರೆ, 1828–29 ರಲ್ಲಿ ಮದರಾಸಿಗೂ ಹೈದರಾಬಾದಿಗೂ ನಡೆದ ಎರಡು ಪತ್ರದಾಟಗಳು. ಮದರಾಸಿನ ಗುಲಾಮ್ ಕಾಸಿಮ್ ಎಂಬ ಆಟಗಾರರೂ ಜೇಮ್ಸ್ ಕಾಕ್ರೇನ್ ಎಂಬವರೂ ಕೂಡಿ ಅವನ್ನು 1829 ರಲ್ಲಿಯೇ ಪುಸ್ತಕರೂಪದಿಂದ ಮದರಾಸಿನಲ್ಲಿ ಅಚ್ಚುಮಾಡಿಸಿದರು. ಆಗ ರೈಲು ಇರಲಿಲ್ಲ, ತಂತಿಯೂ ಇರಲಿಲ್ಲ. ಒಂದು ಕಾಯಿಯನ್ನು ಒಂದು ಮನೆ ಮುಂದೆ ಸರಿಸಿದೆನೆಂಬ ಸುದ್ದಿಯು ಟಪಾಲಿನವರ ಕಾಲ್ನಡೆಯಿಂದ ದಿನಗಟ್ಟಲೆ ಸಾಗಬೇಕಾಗಿದ್ದಿತು. ಹೀಗಿದ್ದರೂ ಆಟವು ಕೆಡಲಿಲ್ಲ. ಏಕೆಂದರೆ ವಿಳಂಬವು ಎರಡೂ ಪಕ್ಷಗಳಿಗೆ ಸಮನಾಗಿದ್ದಿತು, ಮತ್ತು ಚದುರಂಗವು ಕಾಯಬಲ್ಲ ಆಟವಾಗಿದ್ದಿತು.

1844 ರಲ್ಲಿ ಅಮೇರಿಕೆಯ ವಾಷಿಂಗ್ಟನ್ ಮತ್ತು ಬಾಲ್ಟಿಮೋರ್ ನಗರಗಳ ನಡುವೆ ಮೋರ್ಸನ ತಂತಿಯು ಹೊಸದಾಗಿ ಬಂದ ವರುಷವೇ ಅದರ ಮೇಲೆ ಚದುರಂಗವನ್ನಾಡಿ ನೋಡಿದರು. ನಮ್ಮ ಪ್ರಾಂತಕ್ಕೆ ಹೊರಗಿನ ಲೋಕವು ಹತ್ತಿರವಾದದ್ದು 1874 ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗವು ತೆರೆದಾಗ. ಚಿತ್ತಾಪುರ, ಮಳಖೇಡ ರೋಡ, ಸೇಡಂ ಇವೆಲ್ಲವೂ ಆ ಹಾದಿಯ ಮೇಲಿನ ನಿಲ್ದಾಣಗಳು. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿ ಸುದ್ದಿಯನ್ನು ಹೊರಡಿಸುತ್ತಿದ್ದ ಮಾನ್ಯಖೇಟವು, ಸುದ್ದಿಗಾಗಿ ಕಾಯುವ ಊರಾದದ್ದು ಕಾಲದ ಮಹಿಮೆ.

ಈಗ ಪ್ರಕೃತಕ್ಕೆ ಬರುವೆವು. 1995 ನೆಯ ಇಸವಿ ಆಗಸ್ಟ್ 15 ರಂದು ವಿದೇಶ ಸಂಚಾರ ನಿಗಮವು ನಮ್ಮ ದೇಶದಲ್ಲಿ ಇಂಟರ್ನೆಟ್ಟನ್ನು ಸಾರ್ವಜನಿಕರಿಗೆ ತೆರೆಯಿತು. ಮೊದಲು ಅದು ಮಹಾನಗರಗಳಿಗೆ ಮಾತ್ರ ಲಭ್ಯವಾಗಿದ್ದಿತು. 1998 ರಲ್ಲಿ ಖಾಸಗಿ ಕಂಪನಿಗಳಿಗೂ ಪರವಾನಿಗೆ ದೊರೆಯಿತು. 2000 ದ ಅಕ್ಟೋಬರದಲ್ಲಿ ಭಾರತ ಸಂಚಾರ ನಿಗಮವು ಸ್ಥಾಪಿತವಾದ ತರುವಾಯ, 172 ಎಂಬ ಅಂಕಿಗಳಿಂದ ಆರಂಭವಾಗುವ ಸಂಖ್ಯೆಯನ್ನು ತಿರುಗಿಸಿ, ಮನೆಯ ಟೆಲಿಫೋನಿನಿಂದಲೇ ಇಂಟರ್ನೆಟ್ಟನ್ನು ಸೇರುವ ಅನುಕೂಲತೆಯು ಸಣ್ಣ ಊರುಗಳಿಗೂ ಕ್ರಮೇಣ ಒದಗಿತು.

ಇದರ ರೀತಿ ಹೀಗೆ. ಟೆಲಿಫೋನಿನ ತಂತಿಯು ಮನುಷ್ಯನ ಧ್ವನಿಗಾಗಿ ಏರ್ಪಟ್ಟದ್ದು. ಸೆಕೆಂಡಿಗೆ ಸುಮಾರು 300 ರಿಂದ 3400 ಕಂಪನಗಳ ನಾದವನ್ನಷ್ಟೇ ಅದು ಒಯ್ಯುವದು. ಗಣಕಯಂತ್ರದ ಸೊನ್ನೆ-ಒಂದುಗಳನ್ನು ನಾದವನ್ನಾಗಿ ಮಾರ್ಪಡಿಸಿ ಕಳಿಸುವ, ಬಂದ ನಾದವನ್ನು ಮತ್ತೆ ಅಂಕಿಗಳನ್ನಾಗಿ ಬಿಡಿಸುವ ಪೆಟ್ಟಿಗೆಗೆ ಮೋಡೆಮ್ ಎಂದು ಹೆಸರು. ಸಂಪರ್ಕವಾಗುವಾಗ ಅದು ಮಾಡುತ್ತಿದ್ದ ಕಿರುಚಾಟವು ಆ ಕಾಲದವರ ಕಿವಿಯಲ್ಲಿ ಇನ್ನೂ ಉಳಿದಿರಬಹುದು. 28.8 ಕಿಲೋಬಿಟ್ ವೇಗದ ಮೋಡೆಮ್ ನೂರು ಕಿಲೋಬೈಟಿನ ಒಂದು ಚಿತ್ರವನ್ನು ತರಲು ಸುಮಾರು ಅರ್ಧ ನಿಮಿಷವನ್ನು ತೆಗೆದುಕೊಳ್ಳುತ್ತಿದ್ದಿತು. 1998 ರ ಅನಂತರದ ಅತ್ಯುತ್ತಮ ಮೋಡೆಮ್ಮಿನ ಮೇರೆಯೂ 56 ಕಿಲೋಬಿಟ್ ಮಾತ್ರ. ತಂತಿಯಲ್ಲಿ ಗರಗರ ಸದ್ದಿದ್ದರೆ ಅಷ್ಟೂ ಇಲ್ಲ. ಮನೆಗೆ ಒಂದೇ ತಂತಿಯಾದುದರಿಂದ ಮಗನು ಆಟದಲ್ಲಿದ್ದಷ್ಟು ಹೊತ್ತು ಬೀಗರ ಫೋನು ಒಳಗೆ ಬರಲಾರದು. ತಾಯಿಯು ತಿಳಿಯದೆ ಪಕ್ಕದ ಕೋಣೆಯ ರಿಸೀವರನ್ನು ಎತ್ತಿದರೆ ಆಟವೇ ಮುಗಿದುಹೋಗುವದು.

ನಿಧಾನದಲ್ಲಿ ಎರಡು ವಿಧಗಳುಂಟೆಂಬುದನ್ನು ಇಲ್ಲಿ ವಿವೇಚಿಸಬೇಕು. ಕೊಳವೆಯು ಸಣ್ಣದಾಗಿದ್ದು ನೀರು ಕಡಿಮೆ ಬರುವದು ಒಂದು. ಕೊಳವೆಯು ಎಷ್ಟೇ ದೊಡ್ಡದಿದ್ದರೂ ನಲ್ಲಿಯನ್ನು ತಿರುವಿದ ಮೇಲೆ ಮೊದಲ ಹನಿಯು ತಡವಾಗಿ ಬರುವದು ಇನ್ನೊಂದು. ಪತ್ರವನ್ನೋ ಪುಸ್ತಕವನ್ನೋ ತರಿಸುವವನಿಗೆ ಮೊದಲನೆಯದು ಬಾಧಕ. ಆಟಗಾರನಿಗೆ ಎರಡನೆಯದೇ ಮೃತ್ಯು. ಮೋಡೆಮ್ಮಿನ ತಂತಿಯಲ್ಲಿ ಈ ಎರಡೂ ದೋಷಗಳಿದ್ದವು.

ಈ ದೋಷವನ್ನು ಆಟದ ಕರ್ತರು ಹೇಗೆ ಎದುರಿಸಿದರೆಂಬುದೇ ನಮ್ಮ ಇತಿಹಾಸದ ಸಾರಭಾಗ. 1996 ರಲ್ಲಿ ಅಮೇರಿಕೆಯಲ್ಲಿ ಹೊರಬಿದ್ದ 'ಕ್ವೇಕ್' ಎಂಬ ಬಂದೂಕಿನ ಆಟದಲ್ಲಿ, ಆಟಗಾರನು ಒತ್ತಿದ ಕೀಲಿಯ ಸುದ್ದಿಯು ದೂರದ ಸರ್ವರ್ ಯಂತ್ರಕ್ಕೆ ಹೋಗಿ, ಅದರ ಅಪ್ಪಣೆಯು ಮರಳಿ ಬಂದ ಮೇಲೆಯೇ ಅವನು ಒಂದು ಹೆಜ್ಜೆ ಇಡಬಹುದಾಗಿದ್ದಿತು. ಈ ಸರ್ವರೇ ನಾವು ಮೇಲೆ ಹೇಳಿದ ಸಭಿಕ. ಮೋಡೆಮ್ಮಿನವರಿಗೆ ಒಂದು ಹೆಜ್ಜೆಗೆ ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಅಥವಾ ಇನ್ನೂ ಹೆಚ್ಚಿನ ತಡೆ; ಅಷ್ಟರಲ್ಲಿ ವೇಗದ ತಂತಿಯವನು ಗುಂಡು ಹೊಡೆದು ಹೋಗಿರುವನು. ಅದರ ಕರ್ತೃವಾದ ಜಾನ್ ಕಾರ್ಮ್ಯಾಕ್ ಅವರ ಮನೆಯಲ್ಲಿ ಅತಿವೇಗದ ತಂತಿಯಿದ್ದಿತು. ಲೋಕದ ಬಹುಪಾಲು ಜನರು ಮೋಡೆಮ್ಮಿನಿಂದಲೇ ಬರುವರು, ತಮ್ಮ ಮೂಲ ಕಲ್ಪನೆಯೇ ತಪ್ಪಾಗಿದ್ದಿತು ಎಂದು ಅವರು ಅದೇ ವರುಷ ಬಹಿರಂಗವಾಗಿ ಬರೆದುಕೊಂಡರು. ಅಷ್ಟಕ್ಕೇ ನಿಲ್ಲದೆ ಡಿಸೆಂಬರದಲ್ಲಿ 'ಕ್ವೇಕ್‌ವರ್ಲ್ಡ್' ಎಂಬ ಹೊಸ ರೂಪವನ್ನು ಕೊಟ್ಟರು. ಇದರಲ್ಲಿ ಆಟಗಾರನ ಯಂತ್ರವೇ ಸಭಿಕನ ಉತ್ತರವನ್ನು ಊಹಿಸಿ ಹೆಜ್ಜೆಯನ್ನು ಇಟ್ಟುಬಿಡುವದು. ನಿಜವಾದ ಉತ್ತರವು ಬಂದ ಮೇಲೆ ವ್ಯತ್ಯಾಸವಿದ್ದರೆ ತಿದ್ದಿಕೊಳ್ಳುವದು. ತರ್ಕಶಾಸ್ತ್ರದ ಭಾಷೆಯಲ್ಲಿ ಹೇಳುವದಾದರೆ, ಪ್ರತ್ಯಕ್ಷವು ಬರುವ ವರೆಗೆ ಅನುಮಾನದಿಂದ ವ್ಯವಹರಿಸುವದು.

1997 ರ 'ಏಜ್ ಆಫ್ ಎಂಪೈರ್ಸ್' ಎಂಬ ಸಾಮ್ರಾಜ್ಯದ ಆಟದವರು ಬೇರೊಂದು ಉಪಾಯವನ್ನು ಹೂಡಿದರು. ಎಂಟು ಜನ ಆಟಗಾರರು, ಸಾವಿರದ ಐದುನೂರು ಪದಾತಿಗಳು, 28.8 ಕಿಲೋಬಿಟ್ ಮೋಡೆಮ್. ಇದು ಅವರ ಗುರಿ. ಪ್ರತಿಯೊಬ್ಬ ಪದಾತಿಯು ಎಲ್ಲಿ ನಿಂತಿರುವನೆಂಬುದನ್ನು ತಂತಿಯಲ್ಲಿ ಕಳಿಸುತ್ತ ಹೋದರೆ ಇನ್ನೂರೈವತ್ತರ ಹೊತ್ತಿಗೇ ತಂತಿಯು ತುಂಬಿಹೋಗುವದು. ಆದುದರಿಂದ ಸೈನ್ಯವನ್ನು ಕಳಿಸದೆ ಆಜ್ಞೆಯನ್ನು ಮಾತ್ರ ಕಳಿಸಿದರು. ಎಂಟೂ ಯಂತ್ರಗಳು ಅದೇ ಆಜ್ಞೆಯನ್ನು ಅದೇ ಸರದಿಯಲ್ಲಿ ನಡೆಸಿ ಅದೇ ಯುದ್ಧವನ್ನು ತಮ್ಮತಮ್ಮಲ್ಲಿ ಕಾಣುತ್ತಿದ್ದವು. ಒಂದೇ ಗುರುವಿನ ಸೂತ್ರದಿಂದ ಎಂಟು ಶಿಷ್ಯರು ಒಂದೇ ರೂಪವನ್ನು ಸಾಧಿಸುವಂತೆ ಇದು. ಅವರು ಆಡಿಸಿ ನೋಡಿ ಕಂಡುಕೊಂಡ ಇನ್ನೊಂದು ತತ್ತ್ವವು ಮನನೀಯವಾಗಿದೆ: ಸೆಕೆಂಡಿನ ಕಾಲುಭಾಗದ ತಡೆಯು ಯಾರ ಗಮನಕ್ಕೂ ಬಾರದು; ಅರ್ಧ ಸೆಕೆಂಡಿನದನ್ನೂ ಜನರು ಸಹಿಸುವರು; ಆದರೆ ಒಮ್ಮೆ ಬೇಗ ಒಮ್ಮೆ ತಡ ಎಂದಾದರೆ ಸಹಿಸಲಾರರು. ಸಂಗೀತವನ್ನು ಬಲ್ಲವರಿಗೆ ಇದು ಹೊಸದಲ್ಲ. ವಿಳಂಬಿತ ಲಯವು ದೋಷವಲ್ಲ, ಲಯಭಂಗವೇ ದೋಷ.

ಚದುರಂಗದವರ ನ್ಯಾಯವು ಇನ್ನೂ ಸೂಕ್ಷ್ಮವಾದದ್ದು. 1992 ರಲ್ಲಿ ಆರಂಭವಾದ ಇಂಟರ್ನೆಟ್ ಚದುರಂಗದ ಸರ್ವರಿನಲ್ಲಿ ಗಡಿಯಾರವಿಟ್ಟು ಆಡುತ್ತಿದ್ದರು. ತಂತಿಯು ತಿಂದ ಸಮಯವೂ ಆಟಗಾರನ ಲೆಕ್ಕಕ್ಕೇ ಬಿದ್ದು, ನಿಧಾನದ ಊರಿನವನು ಬುದ್ಧಿಯಿಂದ ಗೆಲ್ಲುತ್ತಿದ್ದಾಗಲೂ ಗಡಿಯಾರದಿಂದ ಸೋಲುತ್ತಿದ್ದನು. ಇದನ್ನು ತಡೆಯಲು, ಆಟಗಾರನು ಯೋಚಿಸಿದ ಸಮಯವನ್ನು ಅವನ ಯಂತ್ರದಲ್ಲಿಯೇ ಅಳೆದು ಮುದ್ರೆಯೊತ್ತಿ ಕಳಿಸುವ ಉಪಾಯವನ್ನು ಮಾಡಿದರು. ದಾರಿಯಲ್ಲಿ ಕಳೆದ ಹೊತ್ತು ಯಾರ ಖಾತೆಗೂ ಸೇರಲಿಲ್ಲ. 1999 ರ ಜೂನ್ 21 ರಂದು ಗ್ಯಾರಿ ಕಾಸ್ಪರೋವ್ ಅವರಿಗೂ ಇಡೀ ಲೋಕದ ಆಟಗಾರರಿಗೂ ಇಂಟರ್ನೆಟ್ಟಿನ ಮೇಲೆ ಪಂದ್ಯವು ಆರಂಭವಾಯಿತು. ಒಂದು ನಡೆಗೆ ಒಂದು ದಿನ. ಲೋಕದ ನಡೆಯನ್ನು ಮತದಿಂದ ನಿಶ್ಚಯಿಸುವದು. 62 ನಡೆಗಳ ತರುವಾಯ ಅಕ್ಟೋಬರದಲ್ಲಿ ಕಾಸ್ಪರೋವ್ ಗೆದ್ದರು. ಇಲ್ಲಿ ಮೋಡೆಮ್ಮಿನವನ ಮತಕ್ಕೂ ಮಹಾನಗರದವನ ಮತಕ್ಕೂ ತೂಕವು ಒಂದೇ ಆಗಿದ್ದಿತು. ಮದರಾಸು-ಹೈದರಾಬಾದಿನ ಟಪಾಲಿನ ಧರ್ಮವೇ ನೂರೆಪ್ಪತ್ತು ವರುಷಗಳ ಮೇಲೆ ಮತ್ತೊಮ್ಮೆ ಪಾಲಿತವಾಯಿತು.

2004 ರಲ್ಲಿ ಭಾರತ ಸರಕಾರವು 256 ಕಿಲೋಬಿಟ್ ವೇಗಕ್ಕೆ ಬ್ರಾಡ್‌ಬ್ಯಾಂಡ್ ಎಂದು ಹೆಸರಿಟ್ಟಿತು. ಮೋಡೆಮ್ಮಿನ ಯುಗವು ಅಸ್ತಮಿಸತೊಡಗಿತು. ಹಾಗಾದರೆ ಇದನ್ನೆಲ್ಲ ಈಗ ಏಕೆ ಬರೆಯಬೇಕೆಂದು ಯಾರಾದರೂ ಕೇಳಬಹುದು. ತಂತಿಯು ಹೋದರೂ ಪ್ರಶ್ನೆಯು ಹೋಗಲಿಲ್ಲವೆಂಬುದೇ ಉತ್ತರ. 2020 ರಲ್ಲಿ ಮಹಾಮಾರಿಯು ಶಾಲೆಗಳ ಬಾಗಿಲನ್ನು ಮುಚ್ಚಿಸಿದಾಗ ಪಾಠವೂ ಇಂಟರ್ನೆಟ್ಟಿನ ಮೇಲೇರಿತು. ಪಾಠವನ್ನು ಕಳಿಸುವವರ ಕಡೆಗೆ ವೇಗವಿದ್ದಿತು. ಕೇಳುವ ಹಳ್ಳಿಯ ಮಕ್ಕಳಲ್ಲಿ ಅನೇಕರಿಗೆ ಯಂತ್ರವೂ ಇರಲಿಲ್ಲ, ಸಿಗ್ನಲೂ ಇರಲಿಲ್ಲ. ಕಡೆಗೆ ಆಗಸ್ಟದಲ್ಲಿ 'ವಿದ್ಯಾಗಮ'ವೆಂಬ ಯೋಜನೆಯಿಂದ ಉಪಾಧ್ಯಾಯರೇ ಗುಡಿಯ ಕಟ್ಟೆಗೂ ಮರದ ನೆರಳಿಗೂ ಹೋಗಿ ಕಲಿಸಬೇಕಾಯಿತು. ಬಂದೂಕಿನ ಆಟದವರು 1996 ರಲ್ಲಿಯೇ ಕಲಿತ ಪಾಠವನ್ನು, ಮಕ್ಕಳ ವಿದ್ಯೆಯ ವಿಷಯದಲ್ಲಿ ನಾವು ಕಾಲು ಶತಮಾನದ ಮೇಲೆ ಕಲಿತೆವು. ಪರೀಕ್ಷೆಯ ಅರ್ಜಿ, ಪಡಿತರದ ಹೆಬ್ಬೆಟ್ಟು, ಪಿಂಚಣಿಯ ಕಾಗದ ಇವೆಲ್ಲವೂ ಈಗ ಸರ್ವರೆಂಬ ಸಭಿಕನ ಮುಂದೆ ನಿಂತಿರುವವು. ತಡವಾಗಿ ಬಂದ ಅರ್ಜಿಯಲ್ಲಿ ಅರ್ಜಿದಾರನ ಆಲಸ್ಯವೆಷ್ಟು, ದಾರಿಯ ವಿಳಂಬವೆಷ್ಟು ಎಂದು ಬೇರ್ಪಡಿಸಿ ನೋಡದ ಸಭಿಕನು ಧರ್ಮಸಭಿಕನಲ್ಲ.

ವೇಗವನ್ನು ಹೆಚ್ಚಿಸುವದು ಧನದ ಕಾರ್ಯ. ನಿಧಾನದವನಿಗೆ ಸಮನಾದ ಮಣೆಯನ್ನು ಹಾಕುವದು ಮನಸ್ಸಿನ ಕಾರ್ಯ. ಮೊದಲನೆಯದು ನಮ್ಮ ಊರುಗಳಿಗೆ ಯಾವಾಗಲೂ ಕಡೆಯಲ್ಲಿ ಬರುವದು. ಆದುದರಿಂದ ಎರಡನೆಯದನ್ನು ಕೇಳಿ ಪಡೆಯುವ ಹಕ್ಕನ್ನು ನಾವು ಬಿಡಕೂಡದು. ಆ ತಂತಿಯ ಕಾಲದಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ರಾತ್ರಿ ಎಚ್ಚತ್ತು ದೂರದೇಶದವರೊಡನೆ ಆಡಿದ ತರುಣರು ಈಗ ನಡುವಯಸ್ಸಿನವರಾಗಿರುವರು. ಅವರು ತಮ್ಮ ಅನುಭವವನ್ನು ಬರೆದು ಈ ಪತ್ರಿಕೆಗೆ ಕಳಿಸುವ ಕೃಪೆ ಮಾಡಿದರೆ, ಶಾಸನವಿಲ್ಲದ ಈ ಚಿಕ್ಕ ಇತಿಹಾಸಕ್ಕೆ ಸಾಕ್ಷಿಗಳು ದೊರೆಯುವವು.