ಒಂದೇ ಬಯಲು, ಬೇರೆ ಬೇರೆ ಮೇವು

ತುಕ್ಕಾನಟ್ಟಿ ಸೀಮೆಯ ಕುರಿಹಿಂಡುಗಳಲ್ಲಿ ಆಡುಗಳೂ ಇರುತ್ತವೆ. ಕುರಿ ನೆಲದ ಹುಲ್ಲು ಮೇಯುತ್ತದೆ, ಆಡು ಜಾಲಿಯ ಸೊಪ್ಪಿಗೆ ಕತ್ತೆತ್ತುತ್ತದೆ. ಆಫ್ರಿಕಾದ ಬಯಲಿನಲ್ಲೂ ಹಾಗೆಯೇ: ಜೀಬ್ರಾ ಹುಲ್ಲಿಗೆ ಬಾಗಿದರೆ, 18 ಅಡಿವರೆಗೆ ಬೆಳೆಯುವ ಜಿರಾಫೆ ಜಾಲಿ ಜಾತಿಯ ಮರದ ತುದಿಗೆ ನಾಲಗೆ ಚಾಚುತ್ತದೆ. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ಎರಡನ್ನೂ ಕಾಣಬಹುದು.

ಇಂಥ ಪ್ರಾಣಿಗಳನ್ನು ಒಂದೇ ಆವರಣದಲ್ಲಿ ಕೂಡಿಸಲು ಮೇವಿನ ಲೆಕ್ಕವಷ್ಟೇ ಸಾಲದು. ಗಂಡು ಜೀಬ್ರಾ ಬೇರೆ ಪ್ರಾಣಿಗಳ ಮರಿಗಳ ಮೇಲೆರಗಿ ಕೊಲ್ಲುವುದುಂಟು. ಅದಕ್ಕಾಗಿ ಸಣ್ಣ ಪ್ರಾಣಿಗಳಷ್ಟೇ ನುಸುಳಬಲ್ಲ ಕಿಂಡಿ, ಯಾವುದೂ ಸಿಕ್ಕಿಬೀಳದಂತೆ ಇಕ್ಕಟ್ಟಿನ ಮೂಲೆಗಳಿಲ್ಲದ ಬೇಲಿ, ರಾತ್ರಿಗೆ ಬೇರೆ ಬೇರೆ ಕೊಟ್ಟಿಗೆ ಬೇಕೇ ಬೇಕು. ವಿಲ್ಡೆಬೀಸ್ಟ್ ತರುವಾಗಲಂತೂ ಇನ್ನೂ ಎಚ್ಚರ ಅಗತ್ಯ. ಅದರ ಮೈಯಲ್ಲಿ ತೊಂದರೆ ಕೊಡದೆ ಉಳಿಯುವ ಒಂದು ವೈರಾಣು ದನಗಳಿಗೆ, ಜಿಂಕೆಗಳಿಗೆ ಪ್ರಾಣಾಂತಕ.