ನರಗಳು ಸೋತಿಲ್ಲ, ದಣಿದಿವೆ

ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯಲ್ಲಿ ಬೆಟ್ಟದ ಮೇಲಿನ ವೆಂಕಟರಮಣನ ದರ್ಶನವಾಗಬೇಕಾದರೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಬೇಕು. ಅರ್ಧ ದಾರಿ ಸವೆಯುವಷ್ಟರಲ್ಲಿ ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಮೈ ಬೆವರುತ್ತದೆ. ಇದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಮೇಲೆ ತಲುಪಿ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ಎಲ್ಲವೂ ತಾನಾಗಿಯೇ ತಹಬಂದಿಗೆ ಬರುತ್ತದೆ.

ಆದರೆ ಯಾವ ಬೆಟ್ಟವನ್ನೂ ಹತ್ತದೆ, ಮನೆಯ ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದಾಗ ಹೀಗಾದರೆ? ಸಾಲದ ಕಂತು, ಕೈಕೊಟ್ಟ ಮಳೆ, ಮಕ್ಕಳ ಪರೀಕ್ಷೆ, ಕಚೇರಿಯ ಕಿರಿಕಿರಿ ಇವುಗಳ ನಡುವೆ ನಿದ್ದೆ ಹಾರಿಹೋಗಿ, ನಡುರಾತ್ರಿಯಲ್ಲಿ ಎದೆ ಹೊಡೆದುಕೊಳ್ಳತೊಡಗಿದರೆ? ಆಗ ನಮ್ಮಲ್ಲಿ ಬಹಳ ಮಂದಿ ಹೇಳುವ ಮಾತು ಒಂದೇ: 'ನರ ವೀಕ್ ಆಗಿದೆ.' ಬಸ್ ನಿಲ್ದಾಣದ ಗೋಡೆಗಳ ಮೇಲಿನ 'ನರದೌರ್ಬಲ್ಯ'ದ ಜಾಹೀರಾತುಗಳು ಬದುಕಿರುವುದೂ ಈ ನಂಬಿಕೆಯ ಮೇಲೆಯೇ.

ಈ ನಂಬಿಕೆ ಕೇವಲ ನಮ್ಮದಲ್ಲ. 1869ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಬಿಯರ್ಡ್ ಆಯಾಸ, ನಿದ್ರಾಹೀನತೆ, ಕಳವಳಗಳಿಗೆಲ್ಲ ನರಗಳ ಶಕ್ತಿ ಬತ್ತುವುದೇ ಕಾರಣವೆಂದು ಹೇಳಿ ಅದಕ್ಕೆ 'ನ್ಯೂರಸ್ತೇನಿಯಾ' ಎಂಬ ಹೆಸರನ್ನು ಜನಪ್ರಿಯಗೊಳಿಸಿದ. ಮುಂದೆ ವಿಜ್ಞಾನ ಈ ವಿವರಣೆಯನ್ನು ಕೈಬಿಟ್ಟಿತು. ಜನರ ಬಾಯಲ್ಲಿ ಮಾತ್ರ ಅದು ಉಳಿಯಿತು.

ನಿಜವಾಗಿ ನಡೆಯುವುದೇನು? ನಮ್ಮ ಅಪ್ಪಣೆಗೆ ಕಾಯದೆ ಹೃದಯ, ಶ್ವಾಸ, ಜೀರ್ಣಾಂಗಗಳನ್ನು ನಡೆಸುವ ಸ್ವಾಯತ್ತ ನರವ್ಯೂಹದಲ್ಲಿ ಎರಡು ಮುಖ್ಯ ಶಾಖೆಗಳಿವೆ. ಅಪಾಯ ಎದುರಾದಾಗ ದೇಹವನ್ನು ಸಜ್ಜುಗೊಳಿಸುವುದು ಅನುವೇದಕ ಶಾಖೆ. ವಿಶ್ರಾಂತಿಗೆ, ಜೀರ್ಣಕ್ರಿಯೆಗೆ ಅನುವು ಮಾಡುವುದು ಪರಾನುವೇದಕ ಶಾಖೆ. ಹೊಡೆದಾಡಲು ಅಥವಾ ಓಡಿಹೋಗಲು ದೇಹ ಸಿದ್ಧವಾಗುವ ಬಗೆಯನ್ನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ. 1936ರಲ್ಲಿ ಹಾನ್ಸ್ ಸೆಲ್ಯೆ ಇಲಿಗಳ ಮೇಲೆ ಪ್ರಯೋಗ ನಡೆಸಿ, ಬಾಧೆ ಯಾವುದೇ ಇರಲಿ, ಅಡ್ರಿನಲ್ ಗ್ರಂಥಿ ಊದಿಕೊಳ್ಳುವುದನ್ನೂ ಜಠರದಲ್ಲಿ ಹುಣ್ಣಾಗುವುದನ್ನೂ ತೋರಿಸಿದ. ಅಂದರೆ ಕಳವಳಗೊಂಡವನ ನರಗಳು ದುರ್ಬಲವಲ್ಲ. ಕಾವಲುಗಾರ ಹಗಲಿರುಳೂ ಎಚ್ಚರವಾಗಿದ್ದಾನೆ, ಅವನನ್ನು ಮಲಗಿಸುವವರಿಲ್ಲ, ಅಷ್ಟೆ.

ಮಲಗಿಸುವ ಬಗೆಯನ್ನು ಹಿಂದಿನವರು ಹುಡುಕಿರಲಿಲ್ಲವೇ? ಮಾಲೇಕಲ್ಲಿನಿಂದ ಬಹಳ ದೂರವೇನಲ್ಲದ ಹಳೇಬೀಡಿನ ಬಸದಿಹಳ್ಳಿಗೆ ಹೋದರೆ ಇದರ ಒಂದು ಸಾಕ್ಷಿ ಸಿಗುತ್ತದೆ. ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ಅದು. ಯುದ್ಧದಲ್ಲಿ ಗೆದ್ದ ಸಂತೋಷದಲ್ಲಿ ವಿಷ್ಣುವರ್ಧನ ಮೂರ್ತಿಗೆ 'ವಿಜಯ ಪಾರ್ಶ್ವನಾಥ' ಎಂದು ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಹೆಸರು ಯುದ್ಧದ್ದಾದರೂ ಮೂರ್ತಿಯ ನಿಲುವು ಕಾಯೋತ್ಸರ್ಗದ್ದು: ಕೈಗಳನ್ನು ಇಳಿಬಿಟ್ಟು, ದೇಹದ ಮೇಲಿನ ಮಮತೆಯನ್ನು ಬಿಟ್ಟು ನಿಶ್ಚಲವಾಗಿ ನಿಲ್ಲುವುದು. ಜೈನ ಆಚರಣೆಯಲ್ಲಿ ಕಾಯೋತ್ಸರ್ಗದ ಅವಧಿಯನ್ನು ಅಳೆಯುವುದು ಉಸಿರುಗಳ ಎಣಿಕೆಯಿಂದ. ಅದರ ಗುರಿ ಆತ್ಮಶುದ್ಧಿಯೇ ಹೊರತು ಚಿಕಿತ್ಸೆಯಲ್ಲ. ಆದರೂ ಉಸಿರಿಗೂ ಮನಸ್ಸಿನ ನೆಮ್ಮದಿಗೂ ನಂಟಿದೆ ಎಂಬ ಅರಿವು ಅದರಲ್ಲಿದೆ.

ಈ ನಂಟಿನ ಎಳೆ ಪ್ರಯೋಗಾಲಯಕ್ಕೆ ಸಿಕ್ಕಿದ್ದು 1847ರಲ್ಲಿ. ಉಸಿರು ಎಳೆದುಕೊಂಡಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಕಾರ್ಲ್ ಲುಡ್ವಿಗ್ ಆ ವರ್ಷ ದಾಖಲಿಸಿದ. ಮಿದುಳಿನಿಂದ ಹೊರಟು ಎದೆ, ಹೊಟ್ಟೆಗಳಿಗೆ ಇಳಿಯುವ ವೇಗಸ್ ನರ ಈ ಏರಿಳಿತದ ಹಿಂದಿದೆ. ಆ ನರ ಒಂದು ರಾಸಾಯನಿಕದ ಮೂಲಕ ಹೃದಯವನ್ನು ನಿಧಾನಗೊಳಿಸುತ್ತದೆಂದು 1921ರಲ್ಲಿ ಆಟೊ ಲೋವಿ ಕಪ್ಪೆಯ ಹೃದಯದ ಮೇಲಿನ ಪ್ರಯೋಗದಿಂದ ತೋರಿಸಿದ. ಹೃದಯಕ್ಕೆ ನಾವು ನೇರವಾಗಿ ಆಜ್ಞೆ ಮಾಡಲಾರೆವು, ಉಸಿರಿಗೆ ಮಾಡಬಲ್ಲೆವು. ದಣಿದ ನರವ್ಯೂಹಕ್ಕೆ ಇರುವ ಹಿತ್ತಲ ಬಾಗಿಲು ಇದೇ.

ಅದೇ 1847ರಲ್ಲಿ ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗಾಗಿ 'ಅಸೈಲಂ' ಆರಂಭವಾಯಿತು. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. ಕೂಡಿಹಾಕುವ ಜಾಗ ಗುಣಪಡಿಸುವ ಜಾಗವಾಗಬೇಕೆಂಬ ಆಶಯ ಆ ಬದಲಾವಣೆಯಲ್ಲಿತ್ತು. 1954ರಲ್ಲಿ ಅದರ ಜೊತೆಯಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಸಂಸ್ಥೆಯ ಮೊದಲ ನಿರ್ದೇಶಕ ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಸಂಗಡಿಗರು ಯೋಗಿಯೊಬ್ಬರ ಮೇಲೆ ನಡೆಸಿದ ಪರೀಕ್ಷೆಗಳ ವರದಿಯನ್ನು 1958ರಲ್ಲೇ ಪ್ರಕಟಿಸಿದ್ದರು.

2011ರಲ್ಲಿ ನಿಮ್ಹಾನ್ಸ್ ತಜ್ಞರು ಹನ್ನೆರಡು ಮಂದಿ ಆರೋಗ್ಯವಂತರಿಂದ ಓಂಕಾರ ಹೇಳಿಸಿ ಮಿದುಳಿನ ಸ್ಕ್ಯಾನ್ ತೆಗೆದರು. ಭಾವೋದ್ವೇಗಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಇಳಿದಿತ್ತು. ಬರೀ 'ಸ್ಸ್' ಎಂಬ ಶಬ್ದಕ್ಕೆ ಹಾಗಾಗಲಿಲ್ಲ. ಇದು ಒಂದೇ ಮತದ ಸೊತ್ತೇನೂ ಅಲ್ಲ. 2001ರಲ್ಲಿ ಇಟಲಿಯ ಸಂಶೋಧಕರು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವನ್ನೂ ಹೇಳಿಸಿ ನೋಡಿದಾಗ, ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು ಹೃದಯದ ಲಯ ಹದಗೊಂಡಿತ್ತು.

ಇವು ಸಣ್ಣ ಅಧ್ಯಯನಗಳು. ಅವುಗಳ ಮೇಲೆ ದೊಡ್ಡ ಭರವಸೆಗಳನ್ನು ಕಟ್ಟಬಾರದು. 2000ದಲ್ಲಿ ಪ್ರಕಟವಾದ ನಿಮ್ಹಾನ್ಸ್‌ನ ಇನ್ನೊಂದು ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳನ್ನು ಮೂರು ಗುಂಪು ಮಾಡಲಾಗಿತ್ತು. ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸದಿಂದ ಮೂರರಲ್ಲಿ ಇಬ್ಬರು ಚೇತರಿಸಿಕೊಂಡರು. ಆದರೆ ವಿದ್ಯುತ್ ಚಿಕಿತ್ಸೆಯ ಗುಂಪಿನಲ್ಲಿ ಗುಣವಾದವರು ನೂರಕ್ಕೆ 93 ಮಂದಿ. ಉಸಿರು ನೆರವಾಗುತ್ತದೆ, ನಿಜ. ಎಲ್ಲರಿಗೂ ಅದೊಂದೇ ಸಾಲದು ಎಂಬುದೂ ಅಷ್ಟೇ ನಿಜ.

ಹಾಗಾದರೆ ಮಾಡಬೇಕಾದದ್ದೇನು? ಎದೆ ಹೊಡೆದುಕೊಳ್ಳುವುದು ಹೃದಯದ ಅಥವಾ ಥೈರಾಯ್ಡ್ ತೊಂದರೆಯಿಂದಲೂ ಇರಬಹುದು. ಮೊದಲು ವೈದ್ಯರಿಗೆ ತೋರಿಸಬೇಕು. ಅಂಥದ್ದೇನೂ ಇಲ್ಲವೆಂದಾದರೆ ದಿನಕ್ಕೆ ಕೆಲವು ನಿಮಿಷ ಉಸಿರನ್ನು ನಿಧಾನವಾಗಿ ಎಳೆದು, ಅದಕ್ಕಿಂತ ನಿಧಾನವಾಗಿ ಬಿಡುವ ಅಭ್ಯಾಸ, ಹೊತ್ತಿಗೆ ಸರಿಯಾದ ನಿದ್ದೆ, ನಡಿಗೆ, ಮನಬಿಚ್ಚಿ ಮಾತಾಡಲು ಒಬ್ಬರು ಆಪ್ತರು ಇವು ಖರ್ಚಿಲ್ಲದ ಮದ್ದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ (14416) ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಾಲೇಕಲ್ಲಿನ ಮೆಟ್ಟಿಲು ಹತ್ತುವವರು ನಡುನಡುವೆ ಕುಳಿತು ಸುಧಾರಿಸಿಕೊಳ್ಳುತ್ತಾರೆ. ಅದನ್ನು ಯಾರೂ ದೌರ್ಬಲ್ಯ ಎನ್ನುವುದಿಲ್ಲ. ಬದುಕಿನ ಏರಿನಲ್ಲಿ ಕುಳಿತವರನ್ನೂ ಹಾಗೆಯೇ ಕಾಣುವುದನ್ನು ನಾವಿನ್ನೂ ಕಲಿಯಬೇಕಾಗಿದೆ.